ಗಂಟಲ ಕಡೆಯಿಂದ ಬಿಡಿಸಿದರೆ ದವಡೆ ಕೀಲಿನ ಲಿಗಮೆಂಟ್ ಉಳಿಯುತ್ತದೆ

ದವಡೆ ಕೀಲಿನ ಲಿಗಮೆಂಟುಗಳನ್ನು, ಅಂದರೆ ಅದನ್ನು ಬಿಗಿಯುವ ಪಟ್ಟಿಗಳೆಲ್ಲವನ್ನೂ, ಶವದ ಒಂದೇ ಅರ್ಧ ತಲೆಯಲ್ಲಿ ಉಳಿಸಿ ತೋರಿಸಲು ಆಗದು ಅಂದವರೇ ಹೆಚ್ಚು. ಈಗ ಆಗಿದೆ. ಕೆಲಸ ಕೆನ್ನೆಯ ಕಡೆಯಿಂದಲ್ಲ, ಗಂಟಲ ಕಡೆಯಿಂದ ಶುರುವಾಗಬೇಕು, ಅಷ್ಟೇ.

ಕೆನ್ನೆಯಿಂದ ಒಳಹೊಕ್ಕರೆ ದವಡೆಯ ನಿಂತ ಭಾಗವಾದ ರೇಮಸ್ ಕತ್ತರಿಸಲೇಬೇಕು. ಗರಗಸ ಸ್ವಲ್ಪ ಕೆಳಗಿಳಿದರೂ ಅದರ ಒಳಬದಿಯ ಮೂಳೆಚಾಚು ಲಿಂಗ್ಯುಲಾ ಒಡೆದು, ತಲೆಬುರುಡೆಯಿಂದ ಅಲ್ಲಿಗೆ ಇಳಿಯುವ ಸ್ಫೀನೋಮ್ಯಾಂಡಿಬ್ಯುಲರ್ ಲಿಗಮೆಂಟ್ ಮೂಳೆಚೂರಿನೊಂದಿಗೆ ಕಿತ್ತು ಬರುತ್ತದೆ. ಗರಗಸ ಮೇಲೇ ನಿಂತರೂ, ಮ್ಯಾಕ್ಸಿಲರಿ ಅಪಧಮನಿಯ ಸುತ್ತಲ ಕೊಬ್ಬು ತೆಗೆಯುವಾಗ ಆ ತೆಳು ಪಟ್ಟಿ ಫ್ಯಾಸಿಯಾ (ತೆಳು ಹೊದಿಕೆ ಪೊರೆ) ಜೊತೆ ಹೋಗಿಬಿಡುತ್ತದೆ. ಹಳೆಯ ದಾರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾದರಿ ಹೀಗೇ ಹಾಳು. ಹೊಸ ದಾರಿಗೆ 15ನೇ ನಂಬರ್ ಬ್ಲೇಡ್ ದುಪ್ಪಟ್ಟು ಖರ್ಚಾಗುತ್ತದೆ, ಆದರೆ ಒಂದು ಅರ್ಧ ತಲೆಯ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ದವಡೆಯ ಒಳಬದಿಯ ಜಗಿಯುವ ಸ್ನಾಯು ಮೀಡಿಯಲ್ ಟೆರಿಗಾಯ್ಡನ್ನು ದವಡೆಯ ಮೂಲೆಯಿಂದ ಬಿಡಿಸಿ ಮೇಲಕ್ಕೆ ಮಗುಚಿ. ಹಿಂಬದಿ ಅಂಚಿನಲ್ಲಿ ಸುಮಾರು 1 ಸೆಂ.ಮೀ. ಸ್ನಾಯು ಹಾಗೇ ಇರಲಿ, ಇಲ್ಲದಿದ್ದರೆ ಎಳೆತಕ್ಕೆ ದವಡೆಯ ಹಿಂಬದಿಯ ಸ್ಟೈಲೋಮ್ಯಾಂಡಿಬ್ಯುಲರ್ ಲಿಗಮೆಂಟ್ ಹರಿಯುತ್ತದೆ. ಮೊದಲು ಲಿಂಗ್ವಲ್ ನರ, ಅದರ ಹಿಂದೆ ಇನ್‌ಫೀರಿಯರ್ ಆಲ್ವಿಯೋಲಾರ್ ನರ ಸಿಗುತ್ತವೆ. ಸ್ಫೀನೋಮ್ಯಾಂಡಿಬ್ಯುಲರ್ ಲಿಗಮೆಂಟ್ ಹುಡುಕಲು ಹೋಗಬೇಡಿ, ಮೈಲೋಹಯಾಯ್ಡ್ ನರವನ್ನು ಹುಡುಕಿ. ಅದು ಲಿಗಮೆಂಟಿನ ಕೆಳತುದಿಯನ್ನು ತೂರಿಕೊಂಡೇ ಇಳಿಯುವುದರಿಂದ ಪಟ್ಟಿ ತಾನಾಗಿ ಕೈಗೆ ಬರುತ್ತದೆ. ಅಲ್ಲಿಂದ ಮೇಲಕ್ಕೆ, ಬುರುಡೆಯ ಅಡಿಯ ಸ್ಫೀನಾಯ್ಡ್ ಮೂಳೆಯ ಮುಳ್ಳಿನವರೆಗೆ, ಮೊಂಡು ಉಪಕರಣವೇ ಸಾಕು. ಮುಳ್ಳಿನ ಹತ್ತಿರ ಕೈ ನಿಧಾನವಾಗಲಿ: ಅದರ ಮುಂದೆಯೇ ಮಿಡಲ್ ಮೆನಿಂಜಿಯಲ್ ಅಪಧಮನಿ, ಒಳಬದಿಯಲ್ಲಿ ಕಾರ್ಡಾ ಟಿಂಪನಿ ನರ. ಈ ಹಂತದಲ್ಲಿ ಪಟ್ಟಿಗೂ ನರಕ್ಕೂ ನಡುವೆ ತುಂಬುವ ಬಣ್ಣ ತಯಾರಿಸುವ ಬಗೆಯನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಹೊರಬದಿ ಸುಲಭ. ಕೆನ್ನೆಮೂಳೆಯ ಜೈಗೋಮ್ಯಾಟಿಕ್ ಕಮಾನನ್ನು, ಅದರ ಬುಡದ ಮೂಳೆಯುಬ್ಬು ಟ್ಯುಬರ್ಕಲ್‌ನಿಂದ 2 ಸೆಂ.ಮೀ. ಮುಂದೆ ಕತ್ತರಿಸಿ. ಕೀಲಿನ ಹೊರಬದಿಯ ಲ್ಯಾಟರಲ್ ಲಿಗಮೆಂಟಿನ ಹೊರ ಎಳೆಗಳು ಓರೆಯಾಗಿ ಕಾಂಡೈಲಿನ (ದವಡೆಯ ಕೀಲುತಲೆ) ಕುತ್ತಿಗೆಗೆ ಇಳಿಯುತ್ತವೆ, ಒಳ ಎಳೆಗಳು ಅಡ್ಡವಾಗಿ ಅದರ ಹೊರತುದಿಗೂ ಕೀಲಿನೊಳಗಿನ ಮೆತ್ತೆಯಾದ ಡಿಸ್ಕಿನ ಹಿಂಭಾಗಕ್ಕೂ ಹೋಗುತ್ತವೆ. ಒಣಗಿದರೆ ಎರಡು ಪದರವೂ ಅಂಟಿಕೊಂಡು ಒಂದೇ ಹಾಳೆಯಾಗುತ್ತದೆ. ಹಾಗಾಗಿ ಗ್ಲಿಸರಿನ್ ಬಟ್ಟೆ ಸದಾ ಮೇಲಿರಲಿ. ಡಿಸ್ಕನ್ನು ಕಾಂಡೈಲಿನ ಎರಡು ತುದಿಗೆ ಬಿಗಿಯುವ ಕೊಲ್ಯಾಟರಲ್ ಲಿಗಮೆಂಟ್ ನೋಡಲು ಕೀಲನ್ನು ಸುತ್ತುವ ಚೀಲವಾದ ಕ್ಯಾಪ್ಸೂಲನ್ನು ಡಿಸ್ಕಿನ ಮೇಲಿನ ಕೋಣೆಯ ಮಟ್ಟದಲ್ಲಷ್ಟೇ ಸೀಳಿ. ಪೂರ್ತಿ ಸುಲಿದರೆ ಅವೂ ಹೋಗುತ್ತವೆ.

ಈ ನಡುವೆ ಇನ್ನೊಂದನ್ನೂ ನೋಡಿದ್ದಾಯಿತು. 1962ರಲ್ಲಿ ಪಿಂಟೋ ಎಂಬವರು ವರ್ಣಿಸಿದ, ಡಿಸ್ಕಿನಿಂದ ನಡುಗಿವಿಯ ಪುಟ್ಟ ಮೂಳೆ ಮ್ಯಾಲಿಯಸ್‌ಗೆ ಹೋಗುವ ಎಳೆ ಇದೆಯಲ್ಲ, ಅದಕ್ಕಾಗಿ ನಡುಗಿವಿಯ ಚಾವಣಿ ತೆರೆದು, ಡಿಸ್ಕನ್ನು ಫೋರ್ಸೆಪ್ಸ್‌ನಲ್ಲಿ ಮುಂದಕ್ಕೆ ಎಳೆದೆ. ಎಳೆ ಬಿಗಿಯಾಯಿತು, ಮ್ಯಾಲಿಯಸ್ ಅಲುಗಲಿಲ್ಲ. ಕೀಲಿಗೂ ನಡುಗಿವಿಗೂ ನಡುವಿನ ಪೆಟ್ರೋಟಿಂಪ್ಯಾನಿಕ್ ಸೀಳಿನಲ್ಲೇ ಎಳೆತ ನಿಂತುಬಿಡುತ್ತದೆ ಎಂದು ನನ್ನ ಅಂದಾಜು. ಕೆಡದಂತೆ ಬಳಸುವ ಫಾರ್ಮಲಿನ್ ಹಾಕದ ಮಾದರಿಯಲ್ಲೂ ಹೀಗೇ ಆಗುತ್ತದೆಯೇ ಎಂದು ಮುಂದೆ ನೋಡಬೇಕು.