ಟಾರ್ಕ್ ರೆಂಚ್ ಟಕ್ ಎಂದಿತು, ಹೆಡ್ ಮಾತ್ರ ಕೂತಿರಲಿಲ್ಲ

ಹಳೆಯ ಕಾರ್ಬ್ಯುರೇಟರ್ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್, ಪುಶ್‌ರಾಡ್ ಎಂಬ ಉದ್ದ ಕಡ್ಡಿಗಳಿಂದ ತೆರೆಯುವ ವಾಲ್ವ್. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಮಿಸ್ಸಿಂಗ್. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಓಡಿಸಿದರೆ ನೀರಿನಲ್ಲಿ ಗುಳ್ಳೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು. ಜಿಡ್ಡೊಂದನ್ನೇ ನೋಡಿ ಹೆಡ್ ಬಿಚ್ಚಬೇಡಿ. ಚಳಿಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೂ ತೇವದಿಂದ ಅದು ಕಟ್ಟುತ್ತದೆ.

ನಂಬಬೇಕಾದದ್ದು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜನ್ನು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದಾಗ ಸಿಕ್ಕ ಅಂಕಿ 148, 62, 58, 145 ಪಿಎಸ್‌ಐ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೂ 2 ಮತ್ತು 3 ಏರಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಏರಬೇಕಿತ್ತು. ಅಕ್ಕಪಕ್ಕದ ಎರಡು ಸಿಲಿಂಡರ್ ಜೊತೆಯಾಗಿ ಬಿದ್ದಿವೆ, ನೀರಿನಲ್ಲಿ ಗುಳ್ಳೆಯೂ ಇದೆ. ಬ್ಲಾಕ್ ಮತ್ತು ಹೆಡ್ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸುಟ್ಟಿರುವುದು ಬಹುತೇಕ ಖಚಿತ.

ಬಿಚ್ಚುವಾಗ ಒಂದು ಕೆಲಸಗಳ್ಳತನ ಮಾಡಿದೆ, ಮುಂದಿನ ತಾಪತ್ರಯವೆಲ್ಲ ಅದರಿಂದಲೇ. ರೇಡಿಯೇಟರಿನ ಕೆಳ ಪೈಪ್ ಬಿಟ್ಟು ಕೂಲೆಂಟ್ ಇಳಿಸಿದೆ. ಬ್ಲಾಕ್ ಪಕ್ಕದ ಡ್ರೇನ್ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಹಾಗೇ ಬಿಟ್ಟೆ. ಅಂದರೆ ಸಿಲಿಂಡರ್ ಸುತ್ತಲಿನ ನೀರು ಅಲ್ಲೇ ಉಳಿಯಿತು. ಹೆಡ್ ಎತ್ತಿದ ಕ್ಷಣ ಅದು ಸಿಲಿಂಡರಿಗೂ ಬೋಲ್ಟ್ ತೂತುಗಳಿಗೂ ಚೆಲ್ಲಿತು. ಸಿಲಿಂಡರ್ ಕಣ್ಣಿಗೆ ಕಾಣುತ್ತದೆ, ಒರೆಸಿ ಆಯಿಲ್ ಸವರಿದೆ. ತೂತುಗಳ ಬಾಯಿಯನ್ನಷ್ಟೇ ಬಟ್ಟೆಯಿಂದ ಒರೆಸಿದೆ.

ಉಳಿದದ್ದೆಲ್ಲ ಕ್ರಮವಾಗಿಯೇ ಆಯಿತು. ಹತ್ತು ಬೋಲ್ಟನ್ನೂ ಎಂಜಿನ್ ತಣ್ಣಗಿರುವಾಗ ಹೊರಗಿನಿಂದ ಒಳಕ್ಕೆ, ಸ್ವಲ್ಪಸ್ವಲ್ಪವೇ ಸಡಿಲಿಸಿದ್ದು. ಪುಶ್‌ರಾಡ್‌ಗಳನ್ನು ರಟ್ಟಿಗೆ ಚುಚ್ಚಿ ನಂಬರ್ ಬರೆದಿಟ್ಟದ್ದು. ಹಳೆ ಗ್ಯಾಸ್ಕೆಟ್ ಚೂರನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದದ್ದು. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬೇಡವೇ ಬೇಡ, ಅಲ್ಯೂಮಿನಿಯಂ ತಗ್ಗಾಗುತ್ತದೆ, ಉದುರುವ ಪುಡಿ ಆಯಿಲ್ ಸೇರಿ ಬೇರಿಂಗ್ ತಿನ್ನುತ್ತದೆ. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ನೋಡಿದಾಗ ಸಂದು ಅಳೆಯುವ 0.05 ಮಿಮೀ ಫೀಲರ್ ಪಟ್ಟಿ ಎಲ್ಲೂ ನುಗ್ಗಲಿಲ್ಲ. ಹೊಸ ಗ್ಯಾಸ್ಕೆಟನ್ನು ಟಾಪ್ ಎಂಬ ಗುರುತು ಮೇಲೆ ಬರುವಂತೆ ಒಣದಾಗಿಯೇ ಇಟ್ಟು, ನಡುವಿನಿಂದ ಹೊರಕ್ಕೆ 30, 50, ಕೊನೆಗೆ ಕೈಪಿಡಿ ಹೇಳುವ 68 ನ್ಯೂಟನ್ ಮೀಟರ್‌ವರೆಗೆ ಬಿಗಿದೆ. ಹೊಂದಿಸಿಟ್ಟ ಬಿಗಿ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಹತ್ತೂ ಬೋಲ್ಟ್‌ಗೆ ಟಕ್ ಎಂದಿತು.

40 ಕಿಲೋಮೀಟರಿಗೆ ಮತ್ತೆ ಗುಳ್ಳೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಗ್ಯಾಸ್ಕೆಟನ್ನು. ನಾನೂ ಬೈದೆ. ಮತ್ತೆ ಬಿಚ್ಚುವಾಗ ಏಳನೇ ಬೋಲ್ಟ್ ಉಳಿದವುಗಳ ಅರ್ಧ ಬಲಕ್ಕೇ ತಿರುಗಿತು. ತುದಿಯಲ್ಲಿ ಹಸಿರು ಕೂಲೆಂಟ್ ಬೆರೆತ ಕೆಸರು. ಗ್ಯಾಸ್ಕೆಟ್‌ನಲ್ಲಿ ಸಿಲಿಂಡರ್ ಸುತ್ತಲಿನ ಲೋಹದ ಬಳೆ ಬೇರೆಡೆ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಆ ಬೋಲ್ಟ್ ಬಳಿ ಮಾತ್ರ ಹೊಸದರಂತೆ ಉಬ್ಬಿಕೊಂಡೇ ಇತ್ತು. ಅಲ್ಲಿ ಒತ್ತಡವೇ ಬಿದ್ದಿಲ್ಲ.

ತಳ ಮುಚ್ಚಿದ ತೂತಿನಲ್ಲಿ ದ್ರವ ನಿಂತಿದ್ದರೆ ಬೋಲ್ಟ್ ಪಿಸ್ಟನ್‌ನಂತೆ ಅದನ್ನು ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ. ರೆಂಚಿಗೆ ಗೊತ್ತಾಗುವುದು ತಿರುಗಿಸಲು ಬೇಕಾದ ಬಲ ಮಾತ್ರ. ಅದು ಹೆಡ್ ಒತ್ತಿದ್ದರಿಂದ ಬಂತೋ ನೀರನ್ನು ಒತ್ತಿದ್ದರಿಂದ ಬಂತೋ ತಿಳಿಯದು. ಆಮೇಲೆ ದ್ರವ ಬೋಲ್ಟಿನ ಮರೆಯ (ಥ್ರೆಡ್) ಸಂದಿನಿಂದ ಮೆಲ್ಲಗೆ ಜಿನುಗಿ, ಬೋಲ್ಟ್ ಸಡಿಲ. ಇಷ್ಟಕ್ಕೇ ಮುಗಿದದ್ದು ಪುಣ್ಯ. ಇದೇ ಒತ್ತಡಕ್ಕೆ ಬ್ಲಾಕ್ ಸೀಳುವುದೂ ಉಂಟು.

ಎರಡನೇ ಸಲ ಮೊದಲು ಡ್ರೇನ್ ಪ್ಲಗ್‌ಗೇ ಕೈ ಹಾಕಿದ್ದು. ತುಕ್ಕು ಬಿಡಿಸುವ ಎಣ್ಣೆ ರಾತ್ರಿಯಿಡೀ, ಬೆಳಗ್ಗೆ ಆರು ಮೂಲೆಯ ಸಾಕೆಟ್. ಪ್ಲಗ್ ಬಂತು, ನೀರು ಒಂದು ಹನಿಯೂ ಬರಲಿಲ್ಲ. ಬ್ಲಾಕ್ ಖಾಲಿ ಎಂದುಕೊಳ್ಳಬೇಡಿ. ಗಟ್ಟಿ ತಂತಿ ತೂರಿಸಿ ಕೆದಕಿದ ಮೇಲೆ ಕೆಂಪು ರಾಡಿ, ಅದರ ಹಿಂದೆ ಲೀಟರಿಗೂ ಮೀರಿ ನೀರು.

ತೂತು ಶುಚಿ ಮಾಡಲು ಹಳೆಯ ಹೆಡ್ ಬೋಲ್ಟ್ ಒಂದರ ಮರೆಗೆ ಉದ್ದಕ್ಕೆ ಹ್ಯಾಕ್ಸಾದಿಂದ ಎರಡು ಗೀರು ಹಾಕಿ, ಕೈಯಲ್ಲೇ ತಿರುಗಿಸಿದೆ. ಕೊಳೆ ಗೀರಿನಲ್ಲಿ ತುಂಬಿಕೊಂಡು ಬರುತ್ತದೆ. ಮರೆ ಕೊರೆಯುವ ಟ್ಯಾಪ್ ಉಪಕರಣ ಇದಕ್ಕೆ ಬೇಡ, ಮರೆಯ ಲೋಹವನ್ನೇ ಕೆರೆಯುತ್ತದೆ. ಆಮೇಲೆ ಕನ್ನಡಕ ಹಾಕಿಕೊಂಡು ಗಾಳಿ ಊದಿ, ಪ್ರತಿ ತೂತಿನ ತಳಕ್ಕೂ ಕಡ್ಡಿಗೆ ಸುತ್ತಿದ ಬಿಳಿ ಬಟ್ಟೆ ಇಳಿಸಿದೆ. ಬಟ್ಟೆ ಒಣಗಿಯೇ ಮೇಲೆ ಬರಬೇಕು. ಎಂಟನೆಯದಕ್ಕೆ ಮೂರು ಸಲ ಹಿಡಿಯಿತು. ಹೊಸ ಬೋಲ್ಟ್‌ಗಳ ಮರೆಗೂ ತಲೆಯಡಿಗೂ ಆಯಿಲ್ ಒಂದೊಂದೇ ತೊಟ್ಟು. ಸುರಿದರೆ ಮತ್ತದೇ ಕಥೆ. ಬಿಗಿಯುವ ಮುನ್ನ ಎಲ್ಲವೂ ಬೆರಳಿನಲ್ಲೇ ಕೊನೆವರೆಗೆ ತಿರುಗಬೇಕು.

ಆಯಿಲ್, ಫಿಲ್ಟರ್ ಹೊಸದು. ಗಾಳಿ ಹೋಗುವವರೆಗೆ ಹೀಟರ್ ತೆರೆದಿಟ್ಟು, ಥರ್ಮೋಸ್ಟಾಟ್ ತೆರೆದ ಮೇಲೆ ಕೂಲೆಂಟ್ ಭರ್ತಿ ಮಾಡಿದೆ. ಈ ಗ್ಯಾಸ್ಕೆಟ್ ಹಳೆಯ ಕಾಂಪೊಸಿಟ್ ಬಗೆಯದು. ಹಾಗಾಗಿ ಮರುದಿನ ತಣ್ಣಗಿದ್ದಾಗ ಅದೇ ಕ್ರಮದಲ್ಲಿ ಒಂದೊಂದೇ ಬೋಲ್ಟನ್ನು ಕಾಲು ಸುತ್ತು ಬಿಟ್ಟು ಮತ್ತೆ 68ಕ್ಕೆ ತಂದು, ಟ್ಯಾಪೆಟ್ (ವಾಲ್ವ್ ಬಳಿಯ ಸಂದು) ಸರಿಪಡಿಸಿದೆ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ, ಬಿಗಿದಾಗ ಹಿಗ್ಗುವ ಬೋಲ್ಟ್‌ಗಳಿಗೆ ಹೀಗೆ ಮಾಡಬಾರದು. 300 ಕಿಲೋಮೀಟರಿಗೆ ಆಯಿಲ್ ಇನ್ನೊಮ್ಮೆ ಬದಲಾಯಿಸಿ ಕಂಪ್ರೆಷನ್ ನೋಡಿದೆ: 150, 146, 147, 149.