ಚಕ್ರವರ್ತಿಗೆ ಸೆಡ್ಡು ಹೊಡೆದೂ ತಲೆ ಉಳಿಸಿಕೊಳ್ಳುವುದು ಹೇಗೆ?

ನೀವು ಎಂಟನೇ ಶತಮಾನದ ಚೀನಾದಲ್ಲಿ ಒಬ್ಬ ಜಿಯೆದುಶಿ, ಅಂದರೆ ಪ್ರಾಂತ್ಯದ ಸೇನಾ ಗವರ್ನರ್ ಅಂತ ಇಟ್ಟುಕೊಳ್ಳಿ. ರಾಜಧಾನಿ ಚಾಂಗಾನ್‌ನಲ್ಲಿ ಕೂತಿರುವ ತಾಂಗ್ ಚಕ್ರವರ್ತಿಯ ಮಾತು ಕೇಳಲು ಮನಸ್ಸಿಲ್ಲ. ಹಾಗಂತ ತಲೆ ಕಳೆದುಕೊಳ್ಳುವ ಆಸೆಯೂ ಇಲ್ಲ, ಅಲ್ವಾ? ಹಾಗಾದರೆ ಪಾಠ ಹೇಳಿಸಿಕೊಳ್ಳಬೇಕಾದದ್ದು ತಿಯೆನ್ ಚೆಂಗ್‌ಸಿ ಹತ್ತಿರ. ಸೇನಾನಿ ಆನ್ ಲುಶಾನ್ ತಾಂಗ್ ಸಾಮ್ರಾಜ್ಯದ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಇವನು ದಂಗೆಕೋರರ ಕಡೆಯ ದಂಡನಾಯಕ. 763ರಲ್ಲಿ ದಂಗೆ ಮುಗಿಯುವ ಹೊತ್ತಿಗೆ ಶರಣಾದ. ವರ್ಷಗಟ್ಟಲೆ ಹೊಡೆದಾಡಿ ಸುಸ್ತಾಗಿದ್ದ ಸರ್ಕಾರ ಇವನನ್ನು ಶಿಕ್ಷಿಸುವುದು ಬಿಟ್ಟು, ಈಗಿನ ಹೆಬೆಯ್ ಪ್ರಾಂತ್ಯದ ದಕ್ಷಿಣದಲ್ಲಿದ್ದ ವೇಯ್‌ಬೊವನ್ನೇ ಕೈಗೆ ಕೊಟ್ಟುಬಿಟ್ಟಿತು.

ಮೊದಲು ಜನ ಎಣಿಸಿ. ತಿಯೆನ್ ಮಾಡಿದ್ದೂ ಅದನ್ನೇ. ಮುದುಕರು, ಬಡಕಲು ದೇಹದವರು ಹೊಲಕ್ಕೆ, ಗಟ್ಟಿಮುಟ್ಟಾದವರೆಲ್ಲ ದಂಡಿಗೆ. ಕೆಲವೇ ವರ್ಷಗಳಲ್ಲಿ 1 ಲಕ್ಷ ಸೈನಿಕರಾದರು. ಅವರಲ್ಲೇ 10,000 ಕಟ್ಟಾಳುಗಳನ್ನು ಆರಿಸಿ ತನ್ನ ಸ್ವಂತ ಕಾವಲು ಪಡೆ ಮಾಡಿಕೊಂಡ. ಅಧಿಕಾರಿಗಳನ್ನು ತಾನೇ ನೇಮಿಸಿದ. ತೆರಿಗೆಯನ್ನೂ ಮನೆಗಳ ಲೆಕ್ಕದ ಪುಸ್ತಕವನ್ನೂ ರಾಜಧಾನಿಗೆ ಕಳಿಸಲೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಬಾಯಲ್ಲಿ ಮಾತ್ರ 'ಇಲ್ಲ' ಅನ್ನಬೇಡಿ. 773ರಲ್ಲಿ ಈ ಪುಣ್ಯಾತ್ಮ, ದಂಗೆಯ ನಾಯಕರಾಗಿದ್ದ ಆನ್ ಲುಶಾನ್, ಶಿ ಸಿಮಿಂಗ್ ಮತ್ತು ಅವರ ಮಕ್ಕಳಿಗೆ 'ನಾಲ್ವರು ಸಂತರು' ಅಂತ ಗುಡಿ ಕಟ್ಟಿಸಿದ. ಸಾಮ್ರಾಜ್ಯವನ್ನೇ ಸುಟ್ಟವರಿಗೆ ಗುಡಿ! ಜೊತೆಗೆ ತನಗೆ ಮಂತ್ರಿ ಪದವಿ ಬೇಕು ಅಂತಲೂ ಕೇಳಿದ. ದೈಜೊಂಗ್ ಚಕ್ರವರ್ತಿ ದೂತನನ್ನು ಕಳಿಸಿ, ದಯವಿಟ್ಟು ಕೆಡವಪ್ಪಾ ಅನ್ನುವ ಧಾಟಿಯಲ್ಲಿ ಹೇಳಿಸಿದ. ತಿಯೆನ್ ಕೆಡವಿದ, ಪದವಿಯೂ ಬಂತು. ಮುಂದೆ ಅವನ ಮಗನಿಗೆ ರಾಜಕುಮಾರಿಯನ್ನೂ ಕೊಟ್ಟರು.

ಒಂದು ದಿನ ಸೈನ್ಯ ಬಂದೇ ಬರುತ್ತದೆ. 775ರಲ್ಲಿ ತಿಯೆನ್ ಪಕ್ಕದ ಜಿಲ್ಲೆಗಳನ್ನು ನುಂಗಿದಾಗ ಚಕ್ರವರ್ತಿ ಸುತ್ತಲಿನ ಗವರ್ನರ್‌ಗಳನ್ನೆಲ್ಲ ಅವನ ಮೇಲೆ ಬಿಟ್ಟ. ಆಗ ನೆನಪಿಡಬೇಕಾದದ್ದು ಇಷ್ಟೇ: ಬಂದವರೂ ನಿಮ್ಮಂಥ ಗವರ್ನರ್‌ಗಳೇ, ಅವರಿಗೂ ಚಕ್ರವರ್ತಿ ಗೆಲ್ಲುವುದು ಬೇಕಿಲ್ಲ. ತಿಯೆನ್ ಹಾಗೆ ಬಂದ ಗವರ್ನರ್ ಲಿ ಝೆಂಗ್‌ಜಿಯ ದೂತನೊಬ್ಬನನ್ನು ಮೊದಲೇ ಹಿಡಿದಿಟ್ಟಿದ್ದ, ಈಗ ಅವನನ್ನು ಬಿಡಿಸಿ, ಜನ, ದಂಡು, ದವಸದ ಲೆಕ್ಕವನ್ನೆಲ್ಲ ಅವನ ಕೈಗಿಟ್ಟು, ನನಗೀಗ 86 ವರ್ಷ, ಮಕ್ಕಳು ಕೆಲಸಕ್ಕೆ ಬಾರದವರು, ಇದೆಲ್ಲ ನಿಮ್ಮ ಒಡೆಯನಿಗಾಗಿಯೇ ಕಾದಿಟ್ಟಿದ್ದೇನೆ ಅಂದ. ಆಗ ಅವನ ವಯಸ್ಸು 70ರ ಆಸುಪಾಸು! ಸಾಲದ್ದಕ್ಕೆ ಲಿ ಝೆಂಗ್‌ಜಿಯ ಚಿತ್ರ ಬಿಡಿಸಿ, ಎದುರಿಗೆ ಧೂಪ ಹಾಕಿದ. ಆ ಕಡೆಯ ಸೈನ್ಯ ನಿಂತಲ್ಲೇ ನಿಂತಿತು.

ದಂಡೆತ್ತಿ ಬಂದ ಇನ್ನೊಬ್ಬ ಗವರ್ನರ್ ಲಿ ಬಾವ್‌ಚೆನ್. ಅವನು ಕೊಟ್ಟ 100 ಥಾನು ರೇಷ್ಮೆಯನ್ನು ಅರಮನೆಯ ನಪುಂಸಕ ಅಧಿಕಾರಿಯೊಬ್ಬ ಬೈದು ಬೀದಿಗೆ ಎಸೆದಿದ್ದ, ಹಾಗಾಗಿ ಮನಸ್ಸು ಮೊದಲೇ ಕೆಟ್ಟಿತ್ತು. ತಿಯೆನ್ ಒಂದು ಕಲ್ಲಿನ ಮೇಲೆ ಭವಿಷ್ಯವಾಣಿ ಕೆತ್ತಿಸಿ, ಬಾವ್‌ಚೆನ್ ಸೀಮೆಯಲ್ಲಿ ಹೂತಿಟ್ಟು, ಅದು ಅವನಿಗೇ ಸಿಗುವಂತೆ ಮಾಡಿದ. ತಿಯೆನ್ ಜೊತೆ ಸೇರಿ ಉತ್ತರವನ್ನು ಗೆಲ್ಲುತ್ತೀಯ ಅನ್ನುವುದು ಅದರ ಸಾರ. ನಂಬಿದ ಬಾವ್‌ಚೆನ್, ತನ್ನ ಕಡೆಯವನೇ ಆದ ಝು ತಾವ್ ಮೇಲೆ ಬಿದ್ದ. ಅವರಿಬ್ಬರೂ ಕಚ್ಚಾಡುತ್ತಿದ್ದಾಗ ತಿಯೆನ್ ತನ್ನ ದಂಡು ಹಿಂದಕ್ಕೆ ಕರೆಸಿ ಸಂದೇಶ ಕಳಿಸಿದ: ಬರಲು ಪುರುಸೊತ್ತಿಲ್ಲ, ಆ ಕಲ್ಲಿನ ಬರಹ ನಾನೇ ತಮಾಷೆಗೆ ಮಾಡಿದ್ದು.

ಆಮೇಲೆ ಕ್ಷಮಾಪಣೆ ಪತ್ರ. 776ರಲ್ಲಿ ಕ್ಷಮೆ ಸಿಕ್ಕಿತು. ಅದೇ ವರ್ಷ ಇನ್ನೊಬ್ಬ ದಂಗೆಕೋರನಿಗೆ ಸಹಾಯ ಮಾಡಿದ. 777ರಲ್ಲಿ ಮತ್ತೆ ಪತ್ರ, ಮತ್ತೆ ಕ್ಷಮೆ. ನಾಚಿಕೆ ಬಿಟ್ಟವನಿಗೆ ಇದು ಸುಲಭ.

ಹೀಗೆ ಮಾಡದವನ ಗತಿಯನ್ನೂ ನೋಡಿ. ಹುವೈಶಿ ಅನ್ನುವ ಇನ್ನೊಂದು ಸೀಮೆಯ ಗವರ್ನರ್‌ನ ಮಗ ವೂ ಯುವಾನ್‌ಜಿ 814ರಲ್ಲಿ ಅಪ್ಪ ಸತ್ತದ್ದನ್ನು ಮುಚ್ಚಿಟ್ಟು ಗದ್ದುಗೆ ಹಿಡಿದ, ಒಪ್ಪಿಗೆ ಸಿಗದಿದ್ದಾಗ ಸುಮ್ನೆ ಸುತ್ತಮುತ್ತಲ ಊರು ದೋಚಿದ. ಆದರೆ ಈಗಿದ್ದವನು ಶಿಯಾನ್‌ಜೊಂಗ್, ಬಗ್ಗುವ ಚಕ್ರವರ್ತಿಯಲ್ಲ. 817ರ ಚಳಿಗಾಲದ ಒಂದು ಹಿಮ ಸುರಿಯುವ ರಾತ್ರಿ ಸೇನಾನಿ ಲಿ ಸು 9,000 ಜನರೊಂದಿಗೆ ಹೊರಟ. ಯುವಾನ್‌ಜಿ ಇದ್ದ ತ್ಸಾಯ್‌ಝೌ ಊರಿನ ಗೋಡೆ ಹತ್ತಿರದ ಕೊಳದಲ್ಲಿದ್ದ ಬಾತುಕೋಳಿಗಳನ್ನು ಕೆಣಕಿಸಿದ, ಆ ಗಲಾಟೆಯಲ್ಲಿ ಸೈನಿಕರ ಸದ್ದು ಯಾರಿಗೂ ಕೇಳಲಿಲ್ಲ. ಗಸ್ತಿನವನನ್ನು ಮಾತ್ರ ಕೊಲ್ಲದೆ, ಎಂದಿನಂತೆ ಹೊತ್ತು ಸಾರುತ್ತಿರು ಅಂದರು. ಶತ್ರು ಬಂದ ಅಂತ ಎಬ್ಬಿಸಿದರೆ ಯುವಾನ್‌ಜಿ, ಯಾವುದೋ ಕೈದಿಗಳ ಗಲಾಟೆ, ಬೆಳಿಗ್ಗೆ ಕೊಲ್ಲಿಸುತ್ತೇನೆ ಅಂದನಂತೆ. ಕೊನೆಗೆ ಚಾಂಗಾನ್‌ನಲ್ಲಿ ತಲೆ ಹೋದದ್ದು ಅವನದೇ.

ಚಕ್ರವರ್ತಿಗಿಂತ ಜಾಸ್ತಿ ಹೆದರಬೇಕಾದದ್ದು ನಿಮ್ಮದೇ ಕಾವಲು ಪಡೆಗೆ. ಸಂಬಳ, ಬಹುಮಾನ ತಡ ಮಾಡಬೇಡಿ. ತಿಯೆನ್ 779ರಲ್ಲಿ ಸತ್ತಾಗ ಸೋದರನ ಮಗ ತಿಯೆನ್ ಯುವೆಗೆ ಅಧಿಕಾರ ಬಂತು. 784ರಲ್ಲಿ ಅವನನ್ನು ಕೊಂದವನು ಚೆಂಗ್‌ಸಿಯ ಸ್ವಂತ ಮಗ ತಿಯೆನ್ ಶು. ಬರಬರುತ್ತಾ ವೇಯ್‌ಬೊದಲ್ಲಿ ಯಾರು ಗವರ್ನರ್ ಅಂತ ಸೈನಿಕರೇ ತೀರ್ಮಾನಿಸತೊಡಗಿದರು. 829ರಲ್ಲಿ ಅಲ್ಲಿನ ಗವರ್ನರ್ ಶಿ ಶಿಯಾನ್‌ಚೆಂಗ್ ವರ್ಗವಾಗಿ ಹೊರಡುವಾಗ ಖಜಾನೆಯನ್ನೂ ಬಳಿದುಕೊಂಡು ಹೊರಟ. ಸೈನಿಕರು ಅವನನ್ನು ಕೊಂದು ಹೆ ಜಿನ್‌ತಾವ್‌ನನ್ನು ಕೂರಿಸಿದರು. ಚಾಂಗಾನ್‌ನಿಂದ ಅವನಿಗೆ ನೇಮಕಾತಿ ಪತ್ರ ಬಂತು.