ಮೈಲುತುತ್ತದ ಬದಲಿಗೆ ಏನು ಬಳಸಬೇಕು?

ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮಕ್ಕಳು ಗೊಬ್ಬರದ ಅಂಗಡಿಗೆ ಹೋಗಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕೇಳುವುದುಂಟು. ಅದು ಹೊಟ್ಟೆಗೆ ಹೋದರೆ ವಿಷ, ಕಣ್ಣಿಗೆ ಸಿಡಿದರೆ ಅಪಾಯ, ಕೆರೆ ಸೇರಿದರೆ ಮೀನಿಗೆ ಮಾರಕ. ಆದ್ದರಿಂದ ಪ್ರಯೋಗದಲ್ಲಿ ಅದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಿ, ಬದಲಿಯನ್ನು ಆಮೇಲೆ ಆರಿಸಬೇಕು.

ಹರಳು ಬೆಳೆಸುವುದಷ್ಟೇ ಉದ್ದೇಶವಾಗಿದ್ದರೆ, ದೃಷ್ಟಿಯಾಗದಿರಲೆಂದು ಅಂಗಡಿ ಬಾಗಿಲಿಗೆ ಕಟ್ಟುವ ಪಟಿಕವೇ ಸಾಕು. 100 ಮಿ.ಲೀ. ಬಿಸಿ ನೀರಿನಲ್ಲಿ 20 ಗ್ರಾಂ ಪಟಿಕದ ಪುಡಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟದಲ್ಲಿ ಅಲುಗಾಡದಂತೆ ಇಡಿ. ಗದಗ ಸುತ್ತಲಿನ ಗಡುಸಾದ ಬೋರ್‌ವೆಲ್ ನೀರಿಗಿಂತ ಫಿಲ್ಟರ್ ನೀರು ಉತ್ತಮ. ಮರುದಿನ ತಳದಲ್ಲಿ ಕೂತ ಹರಳುಗಳಲ್ಲಿ ಅಂಚು ಚೂಪಾಗಿರುವ ಒಂದನ್ನು ನೈಲಾನ್ ದಾರಕ್ಕೆ ಕಟ್ಟಿ, ಸೋಸಿದ ಅದೇ ದ್ರಾವಣ ಪೂರ್ತಿ ತಣಿದ ಮೇಲೆ ಇಳಿಬಿಡಿ. ಬೆಚ್ಚಗಿದ್ದರೆ ಹರಳೇ ಕರಗಿಹೋಗುತ್ತದೆ. ಎಂಟು ಮುಖಗಳ ಪಾರದರ್ಶಕ ಹರಳು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಅಡುಗೆಯ ಬಣ್ಣ ಹಾಕಿ ಅದನ್ನು ನೀಲಿ ಮಾಡಹೊರಟರೆ ಬಣ್ಣ ಬಹುತೇಕ ನೀರಿನಲ್ಲೇ ಉಳಿಯುತ್ತದೆ.

ಕಬ್ಬಿಣದ ಮೊಳೆಗೆ ತಾಮ್ರ ಹತ್ತುವುದನ್ನು ತೋರಿಸಲು ಪಟಿಕ ನಡೆಯದು, ಅಲ್ಲಿ ತಾಮ್ರವೇ ಬೇಕು. ವೈರಿಂಗ್‌ನಲ್ಲಿ ಉಳಿದ ತಾಮ್ರದ ತಂತಿಯ ಪ್ಲಾಸ್ಟಿಕ್ ಸುಲಿದು, ಅರ್ಧ ಮುಳುಗುವಷ್ಟು ವಿನೆಗರ್ ಮತ್ತು ಚಿಟಿಕೆ ಉಪ್ಪಿನೊಂದಿಗೆ ಗಾಜಿನ ಬಾಟಲಿಯಲ್ಲಿ, ಮುಚ್ಚಳ ಸಡಿಲಬಿಟ್ಟು, ಕೆಲವು ದಿನ ಇಡಿ. ಗಾಳಿ ತಾಗಿದಂತೆ ದ್ರಾವಣ ನೀಲಿ-ಹಸಿರಿಗೆ ತಿರುಗುತ್ತದೆ. ಮೋಟರ್ ವೈಂಡಿಂಗ್ ತಂತಿಗೆ ವಾರ್ನಿಷ್ ಇರುವುದರಿಂದ ಅದನ್ನು ಮರಳುಕಾಗದದಿಂದ ಉಜ್ಜದೆ ಬಳಸಬಾರದು. ಮೊಳೆ ಅದ್ದಿದರೆ ಸ್ವಲ್ಪ ಹೊತ್ತಿನಲ್ಲೇ ಕಂದುಗೆಂಪು ಪದರ ಕಾಣುತ್ತದೆ. ಈ ದ್ರಾವಣವೂ ವಿಷವೇ. ಕೈಗವಸು, ಕನ್ನಡಕ ಮತ್ತು ದೊಡ್ಡವರೊಬ್ಬರು ಜೊತೆಗಿರಬೇಕು.

ನೀರಿನಂಶ ಕಳೆದ ಮೈಲುತುತ್ತದ ಬಿಳಿ ಪುಡಿಗೆ ನೀರು ತಾಗಿ ನೀಲಿಯಾಗುವ ಪ್ರಯೋಗಕ್ಕೂ, ಗ್ಲೂಕೋಸ್‌ನಂಥ ಸಕ್ಕರೆಯನ್ನು ಪತ್ತೆಹಚ್ಚುವ ಬೆನೆಡಿಕ್ಟ್ ಪರೀಕ್ಷೆಗೂ ಮನೆಯ ಬದಲಿ ಹುಡುಕಬೇಡಿ. ಅವನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡುವುದು ಸರಿ.

ಉಳಿದ ತಾಮ್ರದ ದ್ರಾವಣವನ್ನು ಬಚ್ಚಲಿಗೆ ಸುರಿಯದೆ, ನೀಲಿ ಛಾಯೆ ಹೋಗುವವರೆಗೆ ಅದರಲ್ಲಿ ಸಾದಾ ಕಬ್ಬಿಣದ ಮೊಳೆಗಳನ್ನು ಬಿಡಿ. ಪಾತ್ರೆ ಉಜ್ಜುವ ಸ್ಟೀಲ್ ಜಾಲರಿ ಇದಕ್ಕೆ ಕೆಲಸಕ್ಕೆ ಬಾರದು. ತಳ ಸೇರಿದ ತಾಮ್ರದ ಪುಡಿಯನ್ನು ಸೋಸಿ ಒಣಗಿಸಿ ಶಾಲೆಯ ಪ್ರಯೋಗಾಲಯಕ್ಕೆ ಒಪ್ಪಿಸಿ.